ಪುಟ್ಟಿಗೆ, ಆ ಕೋಟಿಗೊಂದರ ಬಗ್ಗೆ

ಪುಟ್ಟಿ,

ಮನೆ ಸುದ್ದಿಯೆಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಬಿಡು. ನಿನ್ನ ಗೆಳತಿ ಹೇಳುವ ಆ ದೊಡ್ಡ ಅಪಾಯವನ್ನು ತಡೆಯಲು ಕೆಲಸ ಬಿಡುವ ಯೋಚನೆಯಲ್ಲಿ ನೀನು ಬರೆದ ಪತ್ರದ ಒಂದು ಮಾತು ನನ್ನನ್ನು ಕೊರೆಯುತ್ತಿದೆ. "ಕೋಟಿಗೊಂದು ಸಾಧ್ಯತೆ ಇದ್ದರೂ ಉಳಿಯುವ ಜೀವಗಳು ಲೆಕ್ಕ ಮೀರಿದ್ದರೆ ನನ್ನ ಸಂಬಳ, ಕೆಲಸ ಎಲ್ಲ ಅದಕ್ಕೇ ಸಲ್ಲಬೇಕಲ್ವಾ ಮಾವ? ಇಷ್ಟು ಸಾಕು ಅಂತ ಮಿತಿ ಹಾಕಿದರೆ, ಅದರಾಚೆ ಸಾಯುವವರು ನನಗೆ ಲೆಕ್ಕಕ್ಕಿಲ್ಲ ಅಂದ ಹಾಗಲ್ವಾ?"

ಸಂಖ್ಯಾಶಾಸ್ತ್ರ ಪಾಠ ಮಾಡಿದವನು ನಾನು. ತರಗತಿಯಲ್ಲಿ ಇದನ್ನು ನಾಣ್ಯದ ಆಟ ಅಂತ ಹೇಳಿ ಮುಗಿಸಿಬಿಡುತ್ತಿದ್ದೆ. 1713ರಲ್ಲಿ ಗಣಿತಜ್ಞ ನಿಕೊಲಾಸ್ ಬರ್ನೂಲಿ ಹುಟ್ಟುಹಾಕಿದ ಒಗಟು. ಹೆಡ್ ಬೀಳುವ ತನಕ ನಾಣ್ಯ ಚಿಮ್ಮುತ್ತಾ ಹೋಗು, ಬಹುಮಾನ ಒಂದು ನಾಣ್ಯದಿಂದ ಶುರುವಾಗಿ ಪ್ರತಿ ಸಲವೂ ದುಪ್ಪಟ್ಟು. ಸಾಧ್ಯತೆ ಸಣ್ಣದಾಗುತ್ತಾ ಹೋದರೂ ಬಹುಮಾನ ಅದಕ್ಕೆ ಸರಿಯಾಗಿ ಬೆಳೆಯುವುದರಿಂದ, ಲೆಕ್ಕದ ಪ್ರಕಾರ ಆಟದ ಬೆಲೆ, ಅಂದರೆ ಸರಾಸರಿ ಗಳಿಕೆ, ಅನಂತ. ಆದರೆ ಇದನ್ನಾಡಲು ಯಾರೂ ಮನೆ ಮಾರುವುದಿಲ್ಲ. 1728ರಲ್ಲಿ ಕ್ರಾಮರ್ ಅನ್ನುವ ಇನ್ನೊಬ್ಬ ಗಣಿತಜ್ಞ ಅಂದ: ಒಂದು ಕೋಟಿ 67 ಲಕ್ಷ ಚಿಲ್ಲರೆ ನಾಣ್ಯ ದಾಟಿದ ಮೇಲೆ ಎಷ್ಟು ಬಂದರೂ ಒಂದೇ. ಅಷ್ಟು ಮಿತಿ ಹಾಕಿದ ಕೂಡಲೇ ಆಟದ ಬೆಲೆ 13 ನಾಣ್ಯಕ್ಕೆ ಇಳಿಯುತ್ತದೆ! 1738ರಲ್ಲಿ ಡೇನಿಯಲ್ ಬರ್ನೂಲಿ ಬೇರೆ ದಾರಿ ಹಿಡಿದ. ಹಣ ಜಾಸ್ತಿಯಾದಂತೆ ಅದರ ಸುಖ ನಿಧಾನವಾಗಿ ಏರುತ್ತದೆ ಅಂದ. ಮಿತಿ ಇಡಲಿಲ್ಲ. 1934ರಲ್ಲಿ ಗಣಿತಜ್ಞ ಕಾರ್ಲ್ ಮೆಂಗರ್ ಬಂದು, ಬಹುಮಾನವನ್ನು ಇನ್ನೂ ಜೋರಾಗಿ ಏರಿಸಿದರೆ ಬೆಲೆ ಮತ್ತೆ ಅನಂತ, ಅದೇ ಗೋಳು ಅಂತ ತೋರಿಸಿದ. ಸುಖಕ್ಕೆ ಮಿತಿ ಇಡದ ಯಾವ ಅಳತೆಗೂ ಇದೇ ಗತಿ.

ದುಡ್ಡಿಗಾದರೆ ಮಿತಿ ಒಪ್ಪುವುದು ಸುಲಭ. ನೀನು ಕೇಳಿದ್ದು ಜೀವಗಳ ಬಗ್ಗೆ. ಅಲ್ಲಿ ನಾನೂ ತಡವರಿಸುತ್ತೇನೆ.

ಒಂದು ಹಳೇ ವಿಷಯ ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ಜ್ಯೋತಿಷಿಯೊಬ್ಬರು ನಿನ್ನ ದೊಡ್ಡ ಮಾವನಿಗೆ ಗಂಡಾಂತರ ಇದೆ ಅಂದರು. ಅಪ್ಪ ಶಾಂತಿ ಮಾಡಿಸಿದರು. ಆಮೇಲೆ ಗಂಡಾಂತರ ಇಡೀ ವಂಶಕ್ಕೇ ಇದೆ ಅಂದರು ಆ ಜ್ಯೋತಿಷಿ. "ನನಗೇನೂ ನಂಬಿಕೆ ಇಲ್ಲ, ಆದರೆ ಅಕಸ್ಮಾತ್ ನಿಜವಾದರೆ?" ಅನ್ನುತ್ತಿದ್ದರು ಅಪ್ಪ. ಅಪಾಯ ಬೆಳೆದಂತೆ ದಕ್ಷಿಣೆಯೂ ಬೆಳೆಯಿತು. ನಿಮ್ಮಮ್ಮನ ಓದು ಪಿಯುಸಿಗೇ ನಿಂತಿದ್ದು ಹಾಗೆ. ನಾನಿನ್ನೂ ಹೈಸ್ಕೂಲು, ನನ್ನ ಮಾತು ಯಾರು ಕೇಳುತ್ತಾರೆ? ಅವಳು ಇವತ್ತಿಗೂ ಆ ವಿಷಯ ಎತ್ತುವುದಿಲ್ಲ. ಅದೇ ನನಗೆ ಜಾಸ್ತಿ ಕೊರಗು. ಅಪ್ಪ ಸಿಕ್ಕಿಬಿದ್ದಿದ್ದು ಮಕ್ಕಳ ಮೇಲಿನ ಪ್ರೀತಿಯಿಂದಲೇ, ಪುಟ್ಟಿ.

ನಿನ್ನ ಗೆಳತಿ ಜ್ಯೋತಿಷಿಯಲ್ಲ, ಗೊತ್ತು. ಅವಳು ಹೇಳುವ ಅಪಾಯದಲ್ಲಿ ಹುರುಳೂ ಇರಬಹುದು. ಆದರೆ ಸಾಧ್ಯತೆಗೆ ಆಧಾರ ಏನು ಅಂತ ನೀನು ಕೇಳಿದಾಗ ಅವಳು ಜೀವಗಳ ಸಂಖ್ಯೆಯನ್ನು ಏರಿಸಿದರೆ, ಸ್ವಲ್ಪ ನಿಲ್ಲು.

ಹಾಗಂತ ಸಣ್ಣ ಸಾಧ್ಯತೆಯನ್ನೆಲ್ಲ ಸೊನ್ನೆ ಅನ್ನಬೇಡ. ಹತ್ತು ಸಾವಿರಕ್ಕೊಂದಕ್ಕಿಂತ ಕಡಿಮೆ ಇದ್ದರೆ ಮರೆತುಬಿಡಿ ಅಂದಿದ್ದ ಬ್ಯೂಫಾನ್ ಅನ್ನುವ ಫ್ರೆಂಚ್ ವಿದ್ವಾಂಸ, 1777ರಲ್ಲಿ. ಆ ಲೆಕ್ಕ ಹಿಡಿದರೆ ನೀನು ಯಾವ ದಿನವೂ ಹೆಲ್ಮೆಟ್ ಹಾಕಬೇಕಿಲ್ಲ. ವರ್ಷಗಟ್ಟಲೆ ಕೂಡಿದರೆ ಅದು ಸಣ್ಣದೇ?

ಮತ್ತೆ ನಿನ್ನ ಭಯಕ್ಕೇ ಬರುತ್ತೇನೆ. ಮಿತಿ ಹಾಕಿದರೆ ಕಲ್ಲು ಹೃದಯವಾಗುತ್ತದೆಯೇ? ನನಗೆ ಹಾಗನ್ನಿಸುವುದಿಲ್ಲ. ಕಣ್ಣೆದುರು ಒಬ್ಬ ಬಿದ್ದಿದ್ದರೆ ಅವನು ಎಷ್ಟನೆಯವನು ಅಂತ ನೀನು ಎಣಿಸುವುದಿಲ್ಲ. ಆಧಾರವಿಲ್ಲದ ಸಂಖ್ಯೆಯೊಂದು ನಿನ್ನ ಬದುಕನ್ನು ಎಷ್ಟು ದೂರ ಎಳೆಯಬಹುದು ಅನ್ನುವುದಕ್ಕೆ ಮಾತ್ರ ಈ ಮಿತಿ. ಇದೂ ಪೂರ್ತಿ ಸರಿಯಿಲ್ಲ. ತೀರಾ ದೊಡ್ಡ ಎರಡು ಅನಾಹುತಗಳಲ್ಲಿ ಯಾವುದು ದೊಡ್ಡದು ಅನ್ನುವುದು ಈ ಲೆಕ್ಕಕ್ಕೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಅದು ನನಗೂ ಕಸಿವಿಸಿ. ಆದರೂ ನಾನು ಮಿತಿಯ ಕಡೆಯೇ.

ಸಂಬಳದಲ್ಲಿ ಒಂದು ಪಾಲು ಮೊದಲೇ ತೆಗೆದಿಡು. ಯಾರು ಎಷ್ಟು ದೊಡ್ಡ ಸಂಖ್ಯೆ ಹೇಳಿದರೂ ಸುಮ್ನೆ ಅದನ್ನು ಏರಿಸಬೇಡ. ಹಳೇ ಮೇಷ್ಟರ ಮಾತು, ಬೇಡವಾದರೆ ಬಿಡು. ರಾಜೀನಾಮೆ ಮಾತ್ರ ದೀಪಾವಳಿಗೆ ಬಂದು ಹೋಗುವ ತನಕ ಕೊಡಬೇಡ. ಪಿಯುಸಿ ವಿಷಯ ಅಮ್ಮನ ಹತ್ತಿರ ಎತ್ತಬೇಡ. ಎತ್ತಿದರೂ ನಾನು ಹೇಳಿದೆ ಅನ್ನಬೇಡ.

ನಿನ್ನ ಮಾವ