ಗೆಳೆಯನಿಗೊಂದು ಪತ್ರ: ಅಪ್ಪನ ಎಡೆ

ಗೌರಿಬಿದನೂರು

ಪ್ರೀತಿಯ ಗೆಳೆಯ,

ಮಹಾಲಯ ಅಮಾವಾಸ್ಯೆಗೆ ನಾನು ಅಪ್ಪನಿಗೆ ಎಡೆ ಇಟ್ಟೆನೆಂದು ತಿಳಿದು ನಿನಗೆ ಬೇಸರವಾಗಿದೆ. "ವಿಚಾರವಾದಿ ಎಚ್.ನರಸಿಂಹಯ್ಯನವರ ಸೀಮೆಯವನು ನೀನು, ನೀನೂ ಹೀಗೆಯೇ?" ಎಂದು ಬರೆದಿದ್ದೀಯೆ. ಎರಡು ದಿನ ಆ ಮಾತು ಮನಸ್ಸಿನಲ್ಲೇ ಕೂತಿತ್ತು.

ಸತ್ತವರು ಬಂದು ಉಣ್ಣುತ್ತಾರೆಂದು ನಾನು ನಂಬುವುದಿಲ್ಲ. ಎಡೆ ಇಡುವಾಗಲೂ ನಂಬಿರಲಿಲ್ಲ. ಬಾಳೆಲೆಯ ಮೇಲೆ ಮುದ್ದೆ, ಬಸ್ಸಾರು, ವಡೆ, ಪಾಯಸ. ಪಕ್ಕದಲ್ಲಿ ಹೊಸ ಪಂಚೆ, ಅಪ್ಪನ ಹಳೆಯ ಕನ್ನಡಕ. ಹಿರಿಯರು ನೆಮ್ಮದಿಯಾಗಿ ಉಣ್ಣಲೆಂದು ಬಾಗಿಲು ಮುಂದೆ ಮಾಡಿ ಎಲ್ಲರೂ ಜಗಲಿಯಲ್ಲಿ ಕುಳಿತೆವು. ಸ್ವಲ್ಪ ಹೊತ್ತಾದ ಮೇಲೆ ಅಮ್ಮ ಎದ್ದು, ಒಳಗೆ ಹೋಗುವ ಮೊದಲು ಬಾಗಿಲು ತಟ್ಟಿದರು. ಒಳಗೆ ಯಾರೂ ಇಲ್ಲದ ಕೋಣೆಯ ಬಾಗಿಲನ್ನು! ಆ ಸದ್ದಿಗೆ ನನ್ನ ಗಂಟಲು ಕಟ್ಟಿಬಂತು.

ಇನ್ನೊಂದು ಮಾತು. ಎಡೆಗೆ ಕರೆಯುವಾಗ ಅಮ್ಮ ಒಬ್ಬೊಬ್ಬರ ಹೆಸರನ್ನೂ ಹೇಳಿದರು. ಅದರಲ್ಲೊಂದು ನಾನು ಕೇಳಿರದ ಹೆಸರು. ಅಪ್ಪನ ಅಕ್ಕನಂತೆ, ಏಳನೆಯ ವಯಸ್ಸಿಗೇ ಜ್ವರದಲ್ಲಿ ತೀರಿಕೊಂಡ ಮಗು. ಆಕೆಯದೊಂದು ಫೋಟೋ ಇಲ್ಲ, ಯಾವ ಕಾಗದದಲ್ಲೂ ಹೆಸರಿಲ್ಲ. ಅಪ್ಪ ಪ್ರತಿ ವರ್ಷ ಮೆಲ್ಲಗೆ ಹೇಳಿಕೊಳ್ಳುತ್ತಿದ್ದರಂತೆ. ನಾನು ಕಿವಿಗೊಟ್ಟಿರಲಿಲ್ಲ. ಈ ಎಡೆಯನ್ನು ನಾನು ಬಿಟ್ಟಿದ್ದರೆ ಆ ಮಗು ಎರಡನೆಯ ಬಾರಿ ಸಾಯುತ್ತಿತ್ತು.

ನರಸಿಂಹಯ್ಯನವರ ಮೇಲೆ ನನಗೂ ನಿನ್ನಷ್ಟೇ ಗೌರವವಿದೆ. ನಮ್ಮ ತಾಲ್ಲೂಕಿನ ಹೊಸೂರಿನಿಂದ ಬೆಂಗಳೂರಿಗೆ ಓದಲು ನಡೆದೇ ಹೋದ ಹುಡುಗ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ 1976ರಲ್ಲಿ ಪವಾಡಗಳ ಪರೀಕ್ಷೆಗೆ ಸಮಿತಿ ರಚಿಸಿದರು. ಆದರೆ ಅಮೆರಿಕದಲ್ಲಿ ಡಾಕ್ಟರೇಟ್ ಪಡೆದು ಬಂದ ಮೇಲೂ ಖಾದಿಯನ್ನೂ ಗಾಂಧಿ ಟೋಪಿಯನ್ನೂ ಕೊನೆಯವರೆಗೆ ಬಿಡಲಿಲ್ಲ. 1942ರ ಚಳವಳಿಯಲ್ಲಿ ಜೈಲು ಕಂಡವರಿಗೆ ಅದು ಬರಿಯ ಬಟ್ಟೆಯಾಗಿರಲಿಲ್ಲ ಎಂದೇ ನನ್ನ ಭಾವನೆ. ತಾನು ಯಾರ ಜೊತೆಗಿನವನು ಎಂಬುದನ್ನು ಅವರು ಪ್ರತಿ ಬೆಳಗ್ಗೆ ಉಡುತ್ತಿದ್ದರು.

ಹಾಗೆಂದು ಎಲ್ಲ ಪದ್ಧತಿಯೂ ಇರಲಿ ಎನ್ನುತ್ತಿಲ್ಲ. ಕೂಲಿಗೆ ಬಂದವರಿಗೆ ಹಿತ್ತಿಲಲ್ಲಿ ಬೇರೆ ಲೋಟ ಇಡುವುದು ನಮ್ಮ ಮನೆಯಲ್ಲೂ ಇತ್ತು. ಅಪ್ಪ ಒಂದು ದಿನ ಅಜ್ಜಿಯ ಕಣ್ಣೆದುರೇ ಆ ಲೋಟಗಳನ್ನು ತಂದು ಅಡುಗೆಮನೆಯ ಲೋಟಗಳ ಜೊತೆ ಬೆರೆಸಿಬಿಟ್ಟರು. ಅಜ್ಜಿ ಮೂರು ದಿನ ಮಾತು ಬಿಟ್ಟರು. ಅದೇ ಅಪ್ಪ ಎಡೆಯನ್ನು ಒಂದು ವರ್ಷವೂ ತಪ್ಪಿಸಿದವರಲ್ಲ. ಅವರಲ್ಲಿ ನನಗೆ ಎಂದೂ ವಿರೋಧ ಕಾಣಿಸಿಲ್ಲ.

ಮುಂದಿನ ವರ್ಷ ನೀನೂ ಬಾ. ನಿನ್ನ ತಾಯಿಯ ಹೆಸರನ್ನೂ ಸೇರಿಸಿ ಕರೆಯುತ್ತೇನೆ ಎಂದಿದ್ದಾರೆ ಅಮ್ಮ. ಅವರಿಗೆ ಯಾವ ಅಡುಗೆ ಇಷ್ಟವಿತ್ತೋ ಕೇಳಿ ಬರೆಯಲು ಹೇಳಿದ್ದಾರೆ.

ನಿನ್ನ,
ಗೆಳೆಯ