ಕೇಳಿದ ಬಿಡಿಭಾಗಗಳ ಬದಲು ಬೇರೆಯವನ್ನು ಕಳುಹಿಸಿರುವ ಬಗ್ಗೆ ದೂರು

ಇವರಿಗೆ,
ಗ್ರಾಹಕರ ಕುಂದುಕೊರತೆ ಅಧಿಕಾರಿಗಳು,
ಕಂಪ್ಯೂಟರ್ ಬಿಡಿಭಾಗಗಳ ಮಾರಾಟ ಸಂಸ್ಥೆ,
ಬೆಂಗಳೂರು.

ವಿಷಯ: ಒಪ್ಪಿಗೆ ಪಡೆಯದೆ ಬದಲಿಸಿದ ಪ್ರೊಸೆಸರ್, ರ‍್ಯಾಮ್ ಮತ್ತು ಪವರ್ ಸಪ್ಲೈಗಳನ್ನು ಹಿಂಪಡೆದು ಸರಿಯಾದವನ್ನು ಕಳುಹಿಸುವ ಕುರಿತು.

ಮಾನ್ಯರೇ,

ಬಿ.ಸಿ.ಎ. ಎರಡನೇ ವರ್ಷದಲ್ಲಿ ಓದುತ್ತಿರುವ ನನ್ನ ಮಗಳಿಗಾಗಿ, ಮನೆಯಲ್ಲೇ ಜೋಡಿಸಿಕೊಳ್ಳುವ ಕಂಪ್ಯೂಟರಿನ ಆರು ಬಿಡಿಭಾಗಗಳನ್ನು ಜೂನ್ 9ರಂದು ತಮ್ಮ ಜಾಲತಾಣದಲ್ಲಿ ಆರ್ಡರ್ ಮಾಡಿ, 33,450 ರೂಪಾಯಿಗಳನ್ನು ಅಂದೇ ಪೂರ್ತಿಯಾಗಿ ಪಾವತಿಸಿದ್ದೆ. ಜೂನ್ 14ರಂದು ಗೋಣಿಕೊಪ್ಪಲಿನ ಕೊರಿಯರ್ ಕಚೇರಿಯಿಂದ ಬಿಡಿಸಿಕೊಂಡು ತಂದ ಪೆಟ್ಟಿಗೆಯಲ್ಲಿ ಮೂರು ವಸ್ತುಗಳು ನಾನು ಕೇಳಿದವಾಗಿರಲಿಲ್ಲ. ಬಿಲ್ಲಿನ ಕೆಳತುದಿಯಲ್ಲಿ, ದಾಸ್ತಾನು ಇಲ್ಲದ ಕಾರಣ ಸಮಾನ ವಸ್ತುಗಳನ್ನು ಕಳುಹಿಸಲಾಗಿದೆ ಎಂಬ ಒಂದು ಸಾಲು ಮಾತ್ರ ಇತ್ತು. ಯಾವುದರ ಬದಲು ಯಾವುದು ಎಂದು ಅದರಲ್ಲಿ ಹೇಳಿರಲಿಲ್ಲ. ಅದಕ್ಕೂ ಮೊದಲು ತಮ್ಮಿಂದ ಒಂದು ಕರೆಯಾಗಲಿ, ಸಂದೇಶವಾಗಲಿ ಬಂದಿರಲಿಲ್ಲ.

ನಾನು ಕೇಳಿದ್ದ ಪ್ರೊಸೆಸರ್, ಅಂದರೆ ಕಂಪ್ಯೂಟರಿನ ಮುಖ್ಯ ಚಿಪ್, ರೈಜೆನ್ 5 5600ಜಿ. ಬಂದದ್ದು ರೈಜೆನ್ 5 5600. ಎರಡೂ ಮದರ್‌ಬೋರ್ಡಿನ ಒಂದೇ ಎಎಂ4 ಸಾಕೆಟ್ಟಿನಲ್ಲಿ ಕೂರುತ್ತವೆ, ಎರಡಕ್ಕೂ ಆರು ಕೋರ್‌ಗಳಿವೆ, ಪೆಟ್ಟಿಗೆಯೂ ನೋಡಲು ಹೆಚ್ಚುಕಡಿಮೆ ಒಂದೇ ತರಹ ಇರುತ್ತದೆ. ಆದರೆ ಚಿತ್ರವನ್ನು ಪರದೆಗೆ ಕಳುಹಿಸುವ ಗ್ರಾಫಿಕ್ಸ್ ಭಾಗ ಜಿ ಅಕ್ಷರವಿರುವ ಪ್ರೊಸೆಸರಿನ ಒಳಗೇ ಇರುತ್ತದೆ. ಅಕ್ಷರವಿಲ್ಲದ್ದರಲ್ಲಿ ಅದು ಇರುವುದೇ ಇಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಕೊಳ್ಳುವಷ್ಟು ಹಣ ನಮ್ಮಲ್ಲಿ ಇಲ್ಲವೆಂಬ ಒಂದೇ ಕಾರಣಕ್ಕೆ ನಾವು ಎರಡು ತಿಂಗಳು ವಿಚಾರಿಸಿ 5600ಜಿ ಆರಿಸಿಕೊಂಡಿದ್ದೆವು. ತಾವು ಕಳುಹಿಸಿದ್ದನ್ನು ಜೋಡಿಸಿ ಮದರ್‌ಬೋರ್ಡಿನ ಎಚ್‌ಡಿಎಂಐ ಕಿಂಡಿಗೆ ಮಾನಿಟರ್ ಸಿಕ್ಕಿಸಿದಾಗ ಫ್ಯಾನ್ ತಿರುಗಿತು, ದೀಪ ಉರಿಯಿತು, ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. ತಪ್ಪು ತನ್ನ ಜೋಡಣೆಯದೇ ಇರಬೇಕೆಂದು ಮಗಳು ಎರಡು ದಿನ ರ‍್ಯಾಮ್ ಕಳಚಿ ಮತ್ತೆ ಹಾಕಿದಳು, ಬೋರ್ಡಿನ ಸಣ್ಣ ಬ್ಯಾಟರಿಯನ್ನು ತೆಗೆದು ನೋಡಿದಳು, ಕೊನೆಗೆ ಏನನ್ನೋ ಸುಟ್ಟುಹಾಕಿದೆನೆಂದು ಅತ್ತಳು. ಗೋಣಿಕೊಪ್ಪಲಿನ ತಂತ್ರಜ್ಞರೊಬ್ಬರು 500 ರೂಪಾಯಿ ಪಡೆದು ಪರೀಕ್ಷಿಸಿ, ಪ್ರೊಸೆಸರಿನ ಮೇಲಿನ ಬರಹವನ್ನು ತೋರಿಸಿದಾಗಲೇ ನಮಗೆ ವಿಷಯ ತಿಳಿದದ್ದು.

ರ‍್ಯಾಮ್ ವಿಷಯದಲ್ಲಿಯೂ ಹೀಗೇ ಆಗಿದೆ. 8 ಜಿಬಿಯ ಎರಡು ಪಟ್ಟಿಗಳನ್ನು ಕೇಳಿದ್ದರೆ 16 ಜಿಬಿಯ ಒಂದೇ ಪಟ್ಟಿ ಬಂದಿದೆ. ಒಟ್ಟು ಮೊತ್ತ ಒಂದೇ ಆದರೂ, ಒಳಗಿನ ಗ್ರಾಫಿಕ್ಸ್ ತನ್ನ ಕೆಲಸಕ್ಕೆ ಇದೇ ರ‍್ಯಾಮನ್ನು ಬಳಸುವುದರಿಂದ, ಪ್ರೊಸೆಸರಿಗೂ ರ‍್ಯಾಮಿಗೂ ನಡುವಿನ ಎರಡು ದಾರಿಗಳಲ್ಲಿ (ಚಾನೆಲ್‌ಗಳಲ್ಲಿ) ಎರಡು ಪಟ್ಟಿಗಳಿದ್ದರೆ ಸಿಗುವ ವೇಗ ಒಂದರಿಂದ ಸಿಗುವುದಿಲ್ಲ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಳವಳಕ್ಕೆ ಈಡುಮಾಡಿರುವುದು ಪವರ್ ಸಪ್ಲೈ. ವಿದ್ಯುತ್ ಕಡಿಮೆ ಪೋಲಾಗುತ್ತದೆಂದು ಪ್ರಮಾಣೀಕರಿಸುವ 80 ಪ್ಲಸ್ ಬ್ರಾಂಜ್ ಮುದ್ರೆಯ 450 ವ್ಯಾಟಿನದಕ್ಕೆ ಹಣ ಕೊಟ್ಟಿದ್ದೆ; ಬಂದದ್ದರ ಮೇಲೆ ಆ ಮುದ್ರೆಯೂ ಇಲ್ಲ, ತಯಾರಕರ ಹೆಸರೂ ಇಲ್ಲ. ದೊಡ್ಡ ಅಕ್ಷರದಲ್ಲಿ 450 ವ್ಯಾಟ್ ಎಂದು ಬರೆದಿದ್ದರೂ, ಪಕ್ಕದ ಪಟ್ಟಿಯಲ್ಲಿ 12 ವೋಲ್ಟಿನ ಸಾಲಿಗೆ ಕೊಟ್ಟಿರುವುದು 16 ಆಂಪಿಯರ್ ಮಾತ್ರ, ಅಂದರೆ 192 ವ್ಯಾಟ್. ಇಂದಿನ ಕಂಪ್ಯೂಟರ್ ತನಗೆ ಬೇಕಾದ ವಿದ್ಯುತ್ತಿನ ಬಹುಪಾಲನ್ನು ಎಳೆದುಕೊಳ್ಳುವುದು ಈ 12 ವೋಲ್ಟಿನ ಸಾಲಿನಿಂದಲೇ. ನಮ್ಮ ಕಡೆ ಮುಂಗಾರು ಹಿಡಿದರೆ ಮರ ಬಿದ್ದು ತಂತಿ ಕಡಿಯುವುದು, ಹೋದ ಕರೆಂಟು ಏರಿಳಿತದೊಂದಿಗೆ ಮರಳುವುದು ಪ್ರತಿ ವರ್ಷದ ಅನುಭವ. ಉಳಿದೆಲ್ಲದರಲ್ಲೂ ಕೈ ಬಿಗಿಹಿಡಿದು ಈ ಒಂದಕ್ಕೆ ಮಾತ್ರ ಹೆಚ್ಚು ಹಣ ಇಟ್ಟದ್ದು ಅದಕ್ಕಾಗಿಯೇ, ಏಕೆಂದರೆ ಕಳಪೆ ಪವರ್ ಸಪ್ಲೈ ಕೆಟ್ಟಾಗ ಬೋರ್ಡನ್ನೂ ಡಿಸ್ಕನ್ನೂ ಜೊತೆಗೆ ಕೊಂಡೊಯ್ಯಬಹುದು.

ಜೂನ್ 18ರಂದು ಕರೆ ಮಾಡಿದಾಗ ತಮ್ಮ ಸಿಬ್ಬಂದಿ, 5600 ಇನ್ನೂ ಒಳ್ಳೆಯ ಪ್ರೊಸೆಸರ್, ತಮ್ಮಲ್ಲೇ ಒಂದು ಗ್ರಾಫಿಕ್ಸ್ ಕಾರ್ಡ್ ಕೊಂಡರೆ ಸರಿಹೋಗುತ್ತದೆ ಎಂದರು. 5600ರಲ್ಲಿ 32 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರಿನ ಒಳಗಿನ ವೇಗದ ಸ್ಮೃತಿ) ಇದೆ, 5600ಜಿಯಲ್ಲಿ 16 ಎಂಬಿ ಮಾತ್ರ ಎಂಬುದು ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕಡಿಮೆ ಹಣದಲ್ಲಿ ಕಟ್ಟುವ ಕಂಪ್ಯೂಟರಿನಲ್ಲಿ ಒಂದೊಂದು ಭಾಗವನ್ನೂ ಮತ್ತೊಂದನ್ನು ನೋಡಿಕೊಂಡೇ ಆರಿಸಿರುತ್ತೇವೆ. ಬಿಡಿಯಾಗಿ ಎಷ್ಟೇ ಒಳ್ಳೆಯದಾದರೂ ಆ ಜೋಡಿಗೆ ಹೊಂದದ ವಸ್ತು ಸಮಾನ ವಸ್ತುವಾಗುವುದಿಲ್ಲ. ದಾಸ್ತಾನು ಇಲ್ಲವೆಂದು ಮೊದಲೇ ತಿಳಿಸಿದ್ದರೆ ಎರಡು ವಾರ ಕಾಯುತ್ತಿದ್ದೆ, ಇಲ್ಲವೇ ಬೇರೆಡೆ ಕೊಳ್ಳುತ್ತಿದ್ದೆ. ಪೆಟ್ಟಿಗೆ ತೆರೆದಿರುವುದರಿಂದ ಹಿಂಪಡೆಯುವುದಿಲ್ಲ ಎಂಬ ಅವರ ಮಾತನ್ನೂ ನಾನು ಒಪ್ಪುವುದಿಲ್ಲ, ಏಕೆಂದರೆ ಜೋಡಿಸದೆ ಈ ತಪ್ಪು ನಮಗೆ ಗೊತ್ತಾಗುವಂತಿರಲಿಲ್ಲ.

ಇ-ವಾಣಿಜ್ಯ ಕುರಿತ 2020ರ ಗ್ರಾಹಕ ಸಂರಕ್ಷಣಾ ನಿಯಮಗಳ ಪ್ರಕಾರ, ಒಪ್ಪಿಕೊಂಡ ಗುಣಲಕ್ಷಣಗಳಿಲ್ಲದ ಸರಕನ್ನು ಹಿಂಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲ. ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಆದ್ದರಿಂದ ಮೂರೂ ವಸ್ತುಗಳನ್ನು ತಮ್ಮ ಖರ್ಚಿನಲ್ಲೇ ಹಿಂಪಡೆದು, ನಾನು ಕೇಳಿದ್ದನ್ನೇ ಕಳುಹಿಸಿ, ತಂತ್ರಜ್ಞರಿಗೆ ಕೊಟ್ಟ 500 ರೂಪಾಯಿಗಳನ್ನು ಮರಳಿಸಬೇಕೆಂದು ಕೋರುತ್ತೇನೆ. 5600ಜಿ ಈಗಲೂ ದಾಸ್ತಾನಿನಲ್ಲಿ ಇಲ್ಲದಿದ್ದರೆ ಆರೂ ವಸ್ತುಗಳನ್ನು ಹಿಂಪಡೆದು ಪೂರ್ತಿ ಹಣವನ್ನು ನನ್ನ ಖಾತೆಗೆ ಹಾಕಬೇಕು. ಈ ಅವಧಿಯಲ್ಲಿ ಪರಿಹಾರ ಸಿಗದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಗ್ರಾಹಕನಿಗೆ ತಾನು ವಾಸಿಸುವ ಜಿಲ್ಲೆಯಲ್ಲೇ ದಾವೆ ಹೂಡಲು ಅವಕಾಶ ಕೊಟ್ಟಿರುವುದರಿಂದ ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗದ ಮೊರೆ ಹೋಗುತ್ತೇನೆ.

ಬಿಲ್ಲಿನ ಪ್ರತಿ, ಆರ್ಡರಿನ ಪ್ರತಿ ಹಾಗೂ ಮೂರೂ ವಸ್ತುಗಳ ಮೇಲಿನ ಬರಹದ ಚಿತ್ರಗಳನ್ನು ಲಗತ್ತಿಸಿದ್ದೇನೆ. ಪವರ್ ಸಪ್ಲೈಯನ್ನು ಕಳಚಿ ಪೆಟ್ಟಿಗೆಯಲ್ಲೇ ಇಟ್ಟಿದ್ದೇವೆ, ಅದನ್ನು ಮತ್ತೆ ಬಳಸುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಗ್ರಾಹಕ, ಪೊನ್ನಂಪೇಟೆ ತಾಲ್ಲೂಕು, ಕೊಡಗು ಜಿಲ್ಲೆ