ಹೊಗೆಯ ಬಣ್ಣ ನೋಡದೆ ಎಂಜಿನ್ ಇಳಿಸುವುದು ನಿಲ್ಲಲಿ

ಮಾನ್ಯ ಸಂಪಾದಕರೇ,

ಬಳ್ಳಾರಿ ಮತ್ತು ಸುತ್ತಲಿನ ತಾಲ್ಲೂಕುಗಳಲ್ಲಿ ಹದಿನೈದು ವರ್ಷ ದಾಟಿ, ನೋಂದಣಿ ನವೀಕರಿಸಿಕೊಂಡು ಓಡುತ್ತಿರುವ ಮಾರುತಿ 800, ಓಮ್ನಿ, ಇಂಡಿಕಾ, ಸುಮೊಗಳಂಥ ಗಾಡಿಗಳು ಇಂದಿಗೂ ಸಾಕಷ್ಟಿವೆ. ಇವುಗಳನ್ನು ಇಟ್ಟುಕೊಂಡವರಲ್ಲಿ ಅನೇಕರು ಹೊಸ ಕಾರು ಕೊಳ್ಳುವ ಯೋಚನೆಯನ್ನೂ ಮಾಡಲಾಗದ ಸಣ್ಣ ರೈತರು, ಅಂಗಡಿಕಾರರು, ನಿವೃತ್ತ ನೌಕರರು. ಸೈಲೆನ್ಸರಿನಲ್ಲಿ ಹೊಗೆ ಕಾಣಿಸಿಕೊಂಡಿತೆಂದು ಅವರು ಗ್ಯಾರೇಜಿಗೆ ಹೋದರೆ ಬಹಳಷ್ಟು ಕಡೆ ಸಿಗುವ ಉತ್ತರ ಒಂದೇ: ‘ಎಂಜಿನ್ ಇಳಿಸಬೇಕು, ಬೋರ್ ಮಾಡಿಸಬೇಕು.’ ಅಂದರೆ ಎಂಜಿನ್ ಬಿಚ್ಚಿ, ಸವೆದ ಸಿಲಿಂಡರನ್ನು ಕೊರೆದು ಸರಿಪಡಿಸುವ ದೊಡ್ಡ ಕೆಲಸ. ಹೊಗೆಯ ಬಣ್ಣ ಯಾವುದು, ಅದು ಯಾವ ಹೊತ್ತಿನಲ್ಲಿ ಬರುತ್ತದೆ, ಆಯಿಲ್ ಎಷ್ಟು ಇಳಿಯುತ್ತಿದೆ, ರೇಡಿಯೇಟರಿನ ನೀರು ಕಡಿಮೆಯಾಗುತ್ತಿದೆಯೇ ಎಂಬ ನಾಲ್ಕು ಪ್ರಶ್ನೆಗಳನ್ನೂ ಕೇಳದೆ ಹೇಳುವ ಈ ಮಾತಿನಿಂದ ಜನರ ಹಣ ಪೋಲಾಗುತ್ತಿದೆ. ಅದಕ್ಕಿಂತ ಹೆಚ್ಚಾಗಿ, ಅಷ್ಟು ಖರ್ಚಿಗೆ ಹೆದರಿ ಮಾಲೀಕರು ಏನನ್ನೂ ಮಾಡಿಸದೆ ಹಾಗೇ ಹೊಗೆ ಹೊಡೆಯುತ್ತ ಗಾಡಿ ಓಡಿಸುತ್ತಾರೆ. ಈ ಬಗ್ಗೆ ತಮ್ಮ ಪತ್ರಿಕೆಯ ಮೂಲಕ ಕೆಲವು ಮಾತುಗಳನ್ನು ಹೇಳಬಯಸುತ್ತೇನೆ.

ಮೊದಲು ಕಪ್ಪು ಹೊಗೆ. ಉರಿಯಲು ಬೇಕಾದ ಗಾಳಿಗಿಂತ ಇಂಧನ ಹೆಚ್ಚಾಗುತ್ತಿದೆ ಎಂಬುದೇ ಇದರ ಅರ್ಥ. ಇದಕ್ಕೆ ಎಂಜಿನ್ ಸವೆದಿರಲೇಬೇಕೆಂದಿಲ್ಲ. ಕಾರ್ಬ್ಯುರೇಟರ್ ಇರುವ ಹಳೆಯ ಪೆಟ್ರೋಲ್ ಗಾಡಿಗಳಲ್ಲಿ ಮತ್ತು ಡೀಸೆಲ್ ಗಾಡಿಗಳಲ್ಲಿ ಏರ್ ಫಿಲ್ಟರ್ ಕಟ್ಟಿಕೊಂಡರೂ ಸಾಕು, ಹೊಗೆ ಕಪ್ಪಾಗುತ್ತದೆ, ಪಿಕಪ್ ಬೀಳುತ್ತದೆ. ನಮ್ಮ ಜಿಲ್ಲೆಗೆ ಇದು ವಿಶೇಷವಾಗಿ ಅನ್ವಯಿಸುವ ಮಾತು. ಸಂಡೂರು, ತೋರಣಗಲ್ಲು ಕಡೆಗೆ ದಿನವೂ ಹೋಗಿ ಬರುವ, ಅದಿರಿನ ಲಾರಿಗಳ ಹಿಂದೆ ಕೆಂಪು ಧೂಳು ಕುಡಿಯುತ್ತ ಸಾಗುವ ಗಾಡಿಯ ಫಿಲ್ಟರನ್ನು ತೆಗೆದು ನೋಡಿದವರಿಗೆ ನಾನು ಹೇಳುವುದೇನೂ ಉಳಿದಿಲ್ಲ: ಕಾಗದದ ಮಡಿಕೆಗಳ ನಡುವೆ ಕುಂಕುಮದಷ್ಟು ನುಣ್ಣಗಿನ ಧೂಳು ಗಟ್ಟಿಯಾಗಿ ಕೂತಿರುತ್ತದೆ. ಕಂಪನಿಯ ಪುಸ್ತಕದಲ್ಲಿ ಹೇಳಿದ ಕಿಲೋಮೀಟರ್ ಮುಗಿಯುವವರೆಗೆ ಕಾಯುವುದು ಈ ರಸ್ತೆಗಳಲ್ಲಿ ಸರಿಯಲ್ಲ. ಇನ್ನೊಂದು ತಪ್ಪು ಪದ್ಧತಿಯೂ ನಮ್ಮಲ್ಲಿದೆ. ಫಿಲ್ಟರನ್ನು ಪಂಕ್ಚರ್ ಅಂಗಡಿಯ ಗಾಳಿಯಿಂದ ಹೊರಮೈಯ ಕಡೆಯಿಂದಲೇ ಜೋರಾಗಿ ಊದುತ್ತಾರೆ. ಧೂಳು ಒಳಕ್ಕೆ ಸರಿಯುತ್ತದೆ, ಕಾಗದ ಸಣ್ಣದಾಗಿ ಹರಿಯುತ್ತದೆ. ಹರಿದ ಫಿಲ್ಟರಿನ ಮೂಲಕ ಎಂಜಿನ್ನಿಗೆ ಹೋದ ಧೂಳು ಪಿಸ್ಟನ್ನಿನ ಸುತ್ತ ಇದ್ದು ಆಯಿಲ್ ಮೇಲೇರದಂತೆ ತಡೆಯುವ ರಿಂಗುಗಳನ್ನೂ ಸಿಲಿಂಡರಿನ ಗೋಡೆಯನ್ನೂ ಸವೆಸುತ್ತದೆ. ಆಗ ಬರುವುದು ನೀಲಿ ಹೊಗೆ. ಕೆಲವೇ ನೂರು ರೂಪಾಯಿಯ ಫಿಲ್ಟರಿನಲ್ಲಿ ಮುಗಿಯಬಹುದಾಗಿದ್ದ ಕೆಲಸ ನಿಜವಾಗಿಯೂ ಎಂಜಿನ್ ಇಳಿಸುವ ಹಂತಕ್ಕೆ ಬರುವುದು ಹೀಗೆ. ಫಿಲ್ಟರ್ ಚೊಕ್ಕಟವಿದ್ದೂ ಕಪ್ಪು ಹೊಗೆ ನಿಲ್ಲದಿದ್ದರೆ ಡೀಸೆಲ್ ಗಾಡಿಯಲ್ಲಿ ಇಂಧನ ಚಿಮ್ಮಿಸುವ ನಾಝಲ್ ಮತ್ತು ಪಂಪನ್ನು, ಟರ್ಬೊ ಇದ್ದರೆ ಅದರ ಗಾಳಿಯ ಪೈಪು ಎಲ್ಲಾದರೂ ಸೀಳಿದೆಯೇ ಎಂಬುದನ್ನು, ಇಂಜೆಕ್ಷನ್ ಇರುವ ಪೆಟ್ರೋಲ್ ಗಾಡಿಯಲ್ಲಿ ಇಂಜೆಕ್ಟರುಗಳನ್ನೂ ಆಕ್ಸಿಜನ್ ಸೆನ್ಸರನ್ನೂ ತಪಾಸಣೆ ಮಾಡಿಸಬೇಕು.

ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದರ್ಥ. ಇಲ್ಲಿಯೂ ಆಯಿಲ್ ಯಾವ ದಾರಿಯಿಂದ ಒಳಗೆ ಬರುತ್ತಿದೆ ಎಂಬುದನ್ನು ತಿಳಿಯದೆ ಎಂಜಿನ್ನಿಗೆ ಕೈ ಹಾಕಬಾರದು. ರಾತ್ರಿಯೆಲ್ಲ ನಿಂತ ಗಾಡಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಬಾರಿ ದಟ್ಟವಾಗಿ ನೀಲಿ ಹೊಗೆ ಬಂದು ಸ್ವಲ್ಪ ಹೊತ್ತಿನಲ್ಲಿ ನಿಂತುಹೋದರೆ, ಅಥವಾ ರೈಲ್ವೆ ಗೇಟಿನ ಬಳಿ ಎಂಜಿನ್ ಆರಿಸದೆ ಬಹಳ ಹೊತ್ತು ನಿಂತು ಹೊರಟಾಗ ಮಾತ್ರ ಕಾಣಿಸಿದರೆ, ಮೊದಲ ಅನುಮಾನ ವಾಲ್ವ್ ಸೀಲುಗಳ, ಅಂದರೆ ವಾಲ್ವಿನ ಬದಿಯಿಂದ ಆಯಿಲ್ ಒಳಗೆ ಸೋರದಂತೆ ತಡೆಯುವ ರಬ್ಬರ್ ಸೀಲುಗಳ ಮೇಲೆ ಹೋಗಬೇಕು. ಏರು ಹತ್ತುವಾಗ, ಭಾರ ಹೊತ್ತು ಎಳೆಯುವಾಗ ಬಿಡದೆ ಹೊಗೆ ಬರುತ್ತಿದ್ದು, ಆಯಿಲ್ ಹಾಕುವ ಮುಚ್ಚಳ ತೆಗೆದರೆ ಅಲ್ಲಿಂದಲೂ ಹೊಗೆ ಒತ್ತಿ ಹೊರಬರುತ್ತಿದ್ದರೆ ರಿಂಗ್ ಸವೆದಿರುವ ಸಾಧ್ಯತೆ ಹೆಚ್ಚು. ಎಂಜಿನ್ನಿನೊಳಗಿನ ಆವಿ ಹೊರಹೋಗುವ ಬ್ರೀದರ್ ಪೈಪು ಕಟ್ಟಿಕೊಂಡಿದ್ದರೂ, ಆಯಿಲನ್ನು ಕಡ್ಡಿಯ ಮೇಲಿನ ಗುರುತು ಮೀರಿ ತುಂಬಿಸಿದ್ದರೂ ನೀಲಿ ಹೊಗೆ ಬರಬಹುದಾದ್ದರಿಂದ ಇವೆರಡನ್ನು ಎಲ್ಲಕ್ಕಿಂತ ಮೊದಲು ನೋಡಬೇಕು; ಅದಕ್ಕೆ ಖರ್ಚೂ ಇಲ್ಲ.

ನಮ್ಮ ಬೀದಿಯ ನಿವೃತ್ತ ಶಿಕ್ಷಕರೊಬ್ಬರ ಮಾರುತಿ 800 ಕಾರಿಗೆ ಒಂದು ಗ್ಯಾರೇಜಿನವರು ಬೋರ್ ಕೆಲಸವೇ ಆಗಬೇಕೆಂದು ಹೇಳಿದ್ದರು. ಮತ್ತೊಬ್ಬ ಹಿರಿಯ ಮೆಕ್ಯಾನಿಕ್ ಪರೀಕ್ಷಿಸುವಾಗ ನಾನು ಪಕ್ಕದಲ್ಲಿದ್ದೆ. ಅವರು ಮೂರು ಪ್ಲಗ್ಗುಗಳನ್ನು ಬಿಚ್ಚಿ ಸಾಲಾಗಿ ಇಟ್ಟು ನೋಡಿದರು. ಒಂದರ ತುದಿ ಆಯಿಲಿನಿಂದ ಒದ್ದೆಯಾಗಿ ಕಪ್ಪಗೆ ಹೊಳೆಯುತ್ತಿತ್ತು, ಉಳಿದೆರಡು ಒಣ ಕಂದು ಬಣ್ಣದಲ್ಲಿದ್ದವು. ಅನಂತರ ಪ್ಲಗ್ಗಿನ ರಂಧ್ರಕ್ಕೆ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಕೂಡಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿಸಿ ಸೆಲ್ಫ್ ಹೊಡೆಸಿದರು. ಮೂರರಲ್ಲೂ ಮುಳ್ಳು ಇರಬೇಕಾದ ಮಟ್ಟದಲ್ಲೇ ಹೆಚ್ಚುಕಡಿಮೆ ಒಂದೇ ಕಡೆ ನಿಂತಿತು; ಅಂದರೆ ರಿಂಗುಗಳು ಸವೆದಿರಲಿಲ್ಲ. ಯಾವುದಾದರೂ ಒಂದರಲ್ಲಿ ಒತ್ತಡ ಕಡಿಮೆ ಬಂದಿದ್ದರೆ ಅದರೊಳಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಬೇಕೆಂದೂ, ಆಗ ಮುಳ್ಳು ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ (ಸಿಲಿಂಡರಿಗೂ ಅದರ ಮೇಲಿನ ಹೆಡ್‌ಗೂ ನಡುವೆ ಬಿಗಿಯಾಗಿ ಕೂರುವ ಪಟ್ಟಿ) ಎಂದು ತಿಳಿಯಬೇಕೆಂದೂ ಅವರು ವಿವರಿಸಿದರು. ಕೊನೆಗೆ ಆ ಕಾರಿಗೆ ಬೇಕಾಗಿದ್ದದ್ದು ವಾಲ್ವ್ ಸೀಲುಗಳು ಮಾತ್ರ; ರಬ್ಬರ್ ವಯಸ್ಸಿಗೆ, ಕಾವಿಗೆ ಗಟ್ಟಿಯಾಗಿತ್ತು. ಎಂಜಿನ್ ಇಳಿಸಲಿಲ್ಲ. ಅರ್ಧ ದಿನವೂ ಹಿಡಿಯದ ಈ ಪರೀಕ್ಷೆಯನ್ನು ಮಾಡದೆ ಬೋರ್ ಕೆಲಸ ಹೇಳುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ.

ಬಿಳಿ ಹೊಗೆಯ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಡಿಸೆಂಬರ್, ಜನವರಿಯ ಬೆಳಗಿನಲ್ಲಿ ತೆಳುವಾಗಿ ಬಂದು ಎಂಜಿನ್ ಕಾದ ಮೇಲೆ ಮಾಯವಾಗುವುದು ಬರೀ ನೀರಾವಿ, ಅದಕ್ಕೆ ಹೆದರಬೇಕಿಲ್ಲ. ಡೀಸೆಲ್ ಗಾಡಿಯಲ್ಲಿ ಸ್ಟಾರ್ಟ್ ಮಾಡುವಾಗ ಹಸಿ ಡೀಸೆಲ್ ವಾಸನೆಯೊಂದಿಗೆ ಬಿಳಿ ಹೊಗೆ ಬಂದರೆ ಹೀಟರ್ ಪ್ಲಗ್ಗುಗಳನ್ನೂ ನಾಝಲ್‌ಗಳನ್ನೂ ನೋಡಬೇಕು. ಆದರೆ ಕಾದ ಎಂಜಿನ್ನಿನಿಂದಲೂ ದಟ್ಟವಾದ ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿ ರೇಡಿಯೇಟರಿನ ನೀರು ಸಿಲಿಂಡರಿಗೆ ಇಳಿಯುತ್ತಿರಬಹುದು. ಅಂಥ ಹೊಗೆಗೆ ಸಿಹಿ ವಾಸನೆ ಇರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಆ ವಾಸನೆ ಕೂಲೆಂಟಿನದು. ನಮ್ಮಲ್ಲಿ ಎಷ್ಟೋ ಹಳೆಯ ಗಾಡಿಗಳಿಗೆ ಕೂಲೆಂಟಿನ ಬದಲು ಬೋರ್‌ವೆಲ್ ನೀರನ್ನೇ ತುಂಬಿಸುವುದರಿಂದ ವಾಸನೆ ಬರುವುದೇ ಇಲ್ಲ. ಆದ್ದರಿಂದ ನೀರಿನ ಮಟ್ಟ ದಿನದಿನಕ್ಕೆ ಇಳಿಯುತ್ತಿದೆಯೇ, ಆಯಿಲ್ ಮುಚ್ಚಳದ ಒಳಮೈಯಲ್ಲಿ ಹಾಲು ಬೆರೆತ ಚಹಾದ ಬಣ್ಣದ ಲೋಳೆ ಕಟ್ಟಿದೆಯೇ, ಎಂಜಿನ್ ಓಡುವಾಗ ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತಿವೆಯೇ ಎಂದು ನೋಡಬೇಕು. ಮುಚ್ಚಳವನ್ನು ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ತೆಗೆದು ಸ್ಟಾರ್ಟ್ ಮಾಡಿ ನೋಡಬೇಕೇ ಹೊರತು ಕಾದಾಗ ತೆಗೆಯಲೇಬಾರದು. ಗಡಸು ನೀರಿನ ಉಪ್ಪು ರೇಡಿಯೇಟರಿನ ಕೊಳವೆಗಳಲ್ಲಿ ಪೊರೆ ಕಟ್ಟುತ್ತದೆ, ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಎಂಜಿನ್ ಕುದಿಯುತ್ತದೆ, ಗ್ಯಾಸ್ಕೆಟ್ ಹೋಗುವುದು ಆಗಲೇ. ಈ ಲಕ್ಷಣಗಳು ಕಂಡ ಮೇಲೆ ಗಾಡಿಯನ್ನು ಓಡಿಸದೆ ನಿಲ್ಲಿಸುವುದೇ ಸರಿ.

ಹೊಗೆ ತಪಾಸಣೆಯ ಚೀಟಿ ಇದೆಯಲ್ಲ ಎಂದು ಕೆಲವರು ಕೇಳಬಹುದು. ಬಿಎಸ್-4ಕ್ಕಿಂತ (ಭಾರತ್ ಸ್ಟೇಜ್ ಎಂಬ ಹೊಗೆ ಮಾನದಂಡದ ನಾಲ್ಕನೇ ಹಂತ) ಹಳೆಯ ಗಾಡಿಗಳು ಆರು ತಿಂಗಳಿಗೊಮ್ಮೆ ಇದನ್ನು ಮಾಡಿಸಲೇಬೇಕು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಮಾಲಿನ್ಯ ನಿಯಮ ಮೀರಿದವರಿಗೆ ಕಾಯ್ದೆಯಲ್ಲಿರುವ ದಂಡ ಗರಿಷ್ಠ 10,000 ರೂಪಾಯಿ. ಆದರೆ ಹಳೆಯ ಪೆಟ್ರೋಲ್ ಕಾರಿನಲ್ಲಿ ಅಳೆಯುವುದು ಐಡ್ಲಿಂಗ್‌ನಲ್ಲಿ ಬರುವ ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್ ಮಾತ್ರ. ಬೆಳಿಗ್ಗೆ ಬಂದು ಹೋದ ನೀಲಿ ಹೊಗೆ ಆ ಯಂತ್ರಕ್ಕೆ ಕಾಣುವುದಿಲ್ಲ. ಡೀಸೆಲ್ ಕಾರಿಗೆ ನಿಂತಲ್ಲೇ ಪೂರ್ತಿ ರೇಸ್ ಕೊಟ್ಟು ಹೊಗೆಯ ಸಾಂದ್ರತೆ ಅಳೆಯುತ್ತಾರೆ. ಬಿಎಸ್-4ಕ್ಕಿಂತ ಹಳೆಯದಾದರೆ ಮಿತಿ 65 ಹಾರ್ಟ್ರಿಡ್ಜ್ ಯೂನಿಟ್, ಬಿಎಸ್-4 ಆದರೆ 50. ಹೀಗಾಗಿ ಪಾಸಾದ ಎಂಜಿನ್ ಗಟ್ಟಿಯಿದೆಯೆಂದೂ ಫೇಲಾದದ್ದು ಮುಗಿಯಿತೆಂದೂ ತಿಳಿಯಬೇಕಿಲ್ಲ. ಚೀಟಿಯ ಮೇಲಿನ ಅಂಕಿಗಳು ಮಾತ್ರ ಉಪಯುಕ್ತ: ಕಾರ್ಬನ್ ಮೊನಾಕ್ಸೈಡ್ ಹೆಚ್ಚಿದ್ದರೆ ಇಂಧನ ಹೆಚ್ಚಾಗುತ್ತಿದೆ, ಹೈಡ್ರೋಕಾರ್ಬನ್ ಹೆಚ್ಚಿದ್ದರೆ ಪೆಟ್ರೋಲ್ ಉರಿಯದೆ ಹೊರಬೀಳುತ್ತಿದೆ, ಅಂದರೆ ಪ್ಲಗ್ಗುಗಳಿಂದ ಪರೀಕ್ಷೆ ಆರಂಭಿಸಬೇಕು. ಕಳೆದ ಬಾರಿಯ ಅಂಕಿಯೊಂದಿಗೆ ಈ ಬಾರಿಯದನ್ನು ಹೋಲಿಸಿ ನೋಡುವ ಮಾಲೀಕರು ಬಹಳ ವಿರಳ, ಅದನ್ನು ತಿಳಿಸಿ ಹೇಳುವ ಕೇಂದ್ರಗಳೂ ವಿರಳ.

ಆದ್ದರಿಂದ ಪ್ರಾದೇಶಿಕ ಸಾರಿಗೆ ಕಚೇರಿಯವರಲ್ಲಿ ನನ್ನ ಮನವಿ ಇಷ್ಟು. ಪ್ರತಿ ತಪಾಸಣಾ ಕೇಂದ್ರದಲ್ಲಿಯೂ ಅಂಕಿಗಳ ಮಿತಿ ಮತ್ತು ಅವುಗಳ ಅರ್ಥವನ್ನು ಕನ್ನಡದಲ್ಲಿ ಬರೆದ ಫಲಕ ಹಾಕಿಸಬೇಕು. ಸರ್ಕಾರಿ ಐಟಿಐಗಳಲ್ಲಿ ಮೋಟಾರು ವಾಹನ ಮತ್ತು ಡೀಸೆಲ್ ಮೆಕ್ಯಾನಿಕ್ ವಿಭಾಗಗಳಿರುವ ಕಡೆ, ಅಲ್ಲಿನ ಬೋಧಕರ ಮತ್ತು ವಿದ್ಯಾರ್ಥಿಗಳ ನೆರವಿನಿಂದ ಬೇಸಿಗೆಗೆ ಮುಂಚೆ, ಫೆಬ್ರುವರಿಯಲ್ಲಿ, ಹಳೆಯ ಕಾರುಗಳ ಹೊಗೆ ಮತ್ತು ಕಂಪ್ರೆಷನ್ ಪರೀಕ್ಷೆಯ ಶಿಬಿರವನ್ನು ನಡೆಸಬೇಕು; ಸಿರುಗುಪ್ಪ, ಕಂಪ್ಲಿ, ಸಂಡೂರಿನಲ್ಲಿಯೂ ಅದು ಆಗಬೇಕು. ಅಲ್ಲಿ ಬರೆದುಕೊಡುವ ಫಲಿತಾಂಶದ ಹಾಳೆಯನ್ನು ಮಾಲೀಕರು ಗ್ಯಾರೇಜಿಗೆ ಕೊಂಡೊಯ್ಯುವಂತಾದರೆ ಯಾವ ಕೆಲಸ ಬೇಕು, ಯಾವುದು ಬೇಡ ಎಂಬ ಮಾತನ್ನು ಆ ಹಾಳೆಯನ್ನು ಮುಂದಿಟ್ಟುಕೊಂಡೇ ಆಡಬಹುದು.

ಇಂತಿ,
ಹಳೆಯ ಕಾರಿನ ಮಾಲೀಕ ಹಾಗೂ ತಮ್ಮ ಓದುಗ,
ಕೌಲ್ ಬಜಾರ್, ಬಳ್ಳಾರಿ